ಸವೆದ ಟಯರಿನ ನಿದಾನ

ಕೃಷ್ಣೆಯೂ ಭೀಮೆಯೂ ರಾಯಚೂರಿನ ಬಡಗಣದಲ್ಲಿ ಒಂದಾಗುವ ಮುನ್ನ ತಮ್ಮ ನಡುವೆ ಬೆಣೆಯಂತೆ ಉಳಿಸಿಕೊಂಡು ಬಂದ ನೆಲವೇ ನಮ್ಮ ವಡಗೇರಾ ಸೀಮೆ. ಒಂದು ಕಡೆ ಒಂದು ಹೊಳೆ, ಇನ್ನೊಂದು ಕಡೆ ಇನ್ನೊಂದು ಹೊಳೆ. ಇಂಥಲ್ಲಿ ದೋಣಿಯೆಂಬುದು ನೀರಿನ ಮೇಲೆ ಎಷ್ಟು ಸಾಗುವದೋ ನೆಲದ ಮೇಲೆಯೂ ಅಷ್ಟೇ ಸಾಗಬೇಕಾಗುತ್ತದೆಂದರೆ ಹೊರಗಿನವರಿಗೆ ಸೋಜಿಗವಾಗಬಹುದು. ಹಿಂದಿನವರ ಹರಗೋಲಿಗೆ ಈ ತೊಡಕಿರಲಿಲ್ಲ. ಬಿದಿರಿನಿಂದ ಹೆಣೆದ ಆ ದುಂಡು ಬುಟ್ಟಿಯನ್ನು ಅಂಬಿಗನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊಲದ ಬದುವಿನ ಮೇಲೆ ಆಮೆಯಂತೆ ನಡೆದುಹೋಗುತ್ತಿದ್ದನು. ಈಗಿನ ಫೈಬರ್ ದೋಣಿಯು ಯಾರ ತಲೆಯನ್ನೂ ಏರಲೊಲ್ಲದು. ಅದಕ್ಕೆ ಗಾಲಿ ಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಶಹಾಪುರ–ದೇವದುರ್ಗ ದಾರಿಯ ಕೊಳ್ಳೂರು ಸೇತುವೆ ನೀರಿನಲ್ಲಿ ಮುಳುಗಿತು. ಮರುವರ್ಷ, 2020ರ ಅಕ್ಟೋಬರಿನಲ್ಲಿ, ಭೀಮೆಯ ಸರದಿಯಾಯಿತು. ಯಾವ ಹೊಳೆ ಯಾವಾಗ ಏರುವದೋ ಹೇಳಬಲ್ಲವರಾರು? ಏರಿದ ಕಡೆಗೆ ದೋಣಿಯನ್ನು ರಾತ್ರೋರಾತ್ರಿ ಒಯ್ಯಬೇಕು. ಒಯ್ಯುವ ಗಾಲಿಯು ನಡುದಾರಿಯಲ್ಲಿ ಕಳಚಿ ಬಿದ್ದರೆ ಆಚೆ ದಂಡೆಯಲ್ಲಿ ಕೈಯೆತ್ತಿ ನಿಂತವರ ಗತಿಯೇನು? ಆದುದರಿಂದ ಟಯರು ಸವೆಯುವದೆಂಬ ಈ ಸಣ್ಣ ಮಾತನ್ನು ನಮ್ಮ ವಾಚಕ ಮಹಾಶಯರ ಮುಂದೆ ಇಡುವದಕ್ಕೆ ನನಗೆ ಸಂಕೋಚವೆನಿಸುವದಿಲ್ಲ.

ನನ್ನ ಕೈಯಲ್ಲಿ ಅಕ್ಷರ ಕಲಿತ ಅಂಬಿಗರ ಮನೆಯ ತರುಣನೊಬ್ಬನು ಮೀನಿನ ಉದ್ಯೋಗ ಮಾಡುತ್ತಾನೆ. ಅವನಲ್ಲಿ ಒಂದು ದೋಣಿಯುಂಟು. ಅದನ್ನು ಹೊರುವ, ಒಂದೇ ಅಚ್ಚಿನ, ಎರಡು ಗಾಲಿಯ ಟ್ರೇಲರುಂಟು. ಎಳೆಯುವದಕ್ಕೆ ಹಳೆಯದೊಂದು ಜೀಪುಂಟು. ಕಳೆದ ವರುಷ ಅವನು ಟ್ರೇಲರಿಗೆ ಒಂದೇ ದಿನ, ಒಂದೇ ಅಂಗಡಿಯಿಂದ, ಎರಡು ಹೊಸ ಟಯರುಗಳನ್ನು ಹಾಕಿಸಿದನು. ಅರ್ಧ ಹಣ ಕೊಟ್ಟು ಉಳಿದರ್ಧ ಉದ್ರಿ. ಆರು ತಿಂಗಳು ತುಂಬುವದರೊಳಗೆ ಬಲಗಡೆಯ ಟಯರು ಒಳಮಗ್ಗುಲಲ್ಲಿ ಬೋಳಾಗಿ ನೂಲು ಕಾಣಹತ್ತಿತು. ಎಡಗಡೆಯದು ಹೊಸದರಂತೆಯೇ ಇದ್ದಿತು.

“ಗುರುಗಳ್ರೀ, ಅಂವಾ ಒಂದು ಖರೇ ಟಯರು, ಒಂದು ಖೊಟ್ಟಿ ಟಯರು ಕೊಟ್ಟಾನ್ರೀ. ನಾ ಇನ್ನ ಒಂದು ರೂಪಾಯಿನೂ ಕೊಡಂಗಿಲ್ಲ,” ಎಂದು ಅವನು ನನ್ನ ಮುಂದೆ ತಕರಾರು ಹೇಳಿದನು. ಅಂಗಡಿಯವನೂ ನನಗೆ ತಿಳಿದವನೇ. ಬಡವ, ಆದರೆ ಮಾತಿನವ. ಇಬ್ಬರ ನಡುವೆ ಮಾತು ನಿಂತು ತಿಂಗಳಾಗಿತ್ತು. ಅಂಗಡಿಯವನು ಊರೆಲ್ಲ ಇವನನ್ನು ಬಾಕಿ ಮುಳುಗಿಸುವವನೆಂದನು. ಇವನು ಊರೆಲ್ಲ ಅವನನ್ನು ಖೊಟ್ಟಿ ವ್ಯಾಪಾರಿಯೆಂದನು. ಒಂದು ರಬ್ಬರಿನ ತುಂಡು ಇಬ್ಬರು ಸಜ್ಜನರ ಹೆಸರನ್ನು ಕೆಡಿಸುತ್ತಿದ್ದಿತು.

ನಾನು ಯಂತ್ರಜ್ಞನಲ್ಲ. ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವನು, ಅಷ್ಟೇ. ಆದರೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವದನ್ನು ಕಲಿತವನಿಗೆ ಸವೆತವನ್ನು ಕಂಡು ಅದರ ಕಾರಣವನ್ನು ಊಹಿಸುವದು ಪರಕೀಯ ವಿದ್ಯೆಯೇನೂ ಅಲ್ಲ. ಸವೆತವು ಲಿಂಗ, ದೋಷವು ಸಾಧ್ಯ. ಇವೆರಡರ ನಡುವಣ ವ್ಯಾಪ್ತಿಯನ್ನು ಮಾತ್ರ ಅನುಭವಸ್ಥರಿಂದ ತಿಳಿಯಬೇಕು. ಅದನ್ನು ನಾನು ಬಸ್ ನಿಲ್ದಾಣದ ಹತ್ತಿರದ ಪಂಕ್ಚರ್ ಅಂಗಡಿಯ ಮುದುಕನಿಂದಲೂ, ಒಂದೆರಡು ಪುಸ್ತಕಗಳಿಂದಲೂ ಸಂಪಾದಿಸಿದೆನು.

ಟಯರು ಎಷ್ಟು ಸವೆದಿದೆ ಎಂಬುದು ಮುಖ್ಯವಲ್ಲ. ಎಲ್ಲಿ, ಯಾವ ರೀತಿಯಾಗಿ ಸವೆದಿದೆ ಎಂಬುದೇ ಮುಖ್ಯ. ಹವಾ ಹೆಚ್ಚಾದರೆ ಟಯರು ನಡುವೆ ಉಬ್ಬಿ ನಡುಭಾಗವೇ ನೆಲವನ್ನು ಉಜ್ಜುವದು. ಹವಾ ಕಡಿಮೆಯಾದರೆ, ಇಲ್ಲವೆ ಭಾರ ಮಿತಿಮೀರಿದರೆ, ನಡುಭಾಗ ಒಳಸರಿದು ಎರಡೂ ಅಂಚುಗಳು ಸವೆಯುವವು. ಗಾಲಿಯು ನೆಟ್ಟಗೆ ಮುಂದಕ್ಕೆ ಮುಖ ಮಾಡದೆ ಓರೆಯಾಗಿದ್ದರೆ ಟಯರು ಉರುಳುತ್ತ ಉರುಳುತ್ತ ಪಕ್ಕಕ್ಕೂ ಎಳೆಯಲ್ಪಟ್ಟು ಮೈಯೆಲ್ಲ ಗರಗಸದಂತಾಗುವದು. ಅಂಗೈಯನ್ನು ಒಂದು ದಿಕ್ಕಿಗೆ ಸವರಿದರೆ ನುಣುಪು, ತಿರುಗಿ ಸವರಿದರೆ ಚುಚ್ಚು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಗಾಲಿ ಕುಣಿಯುತ್ತಿದೆಯೆಂದು ತಿಳಿಯಬೇಕು: ಸಮತೋಲ ತಪ್ಪಿದೆ, ಇಲ್ಲವೆ ಬೇರಿಂಗು ಸಡಿಲಾಗಿದೆ, ಇಲ್ಲವೆ ಕಮಾನು ಪಟ್ಟಿ ಸೋತಿದೆ. ಒಂದೇ ಅಂಚು ಸವೆದಿದ್ದರೆ ಗಾಲಿಯು ನೆಟ್ಟಗೆ ನಿಂತಿಲ್ಲ, ವಾಲಿದೆ. ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳು ಸಾಕೆಂಬ ಸ್ಥಾಲೀಪುಲಾಕನ್ಯಾಯವು ಇಲ್ಲಿ ನಡೆಯುವದಿಲ್ಲ. ಟಯರಿನ ಒಂದು ಕಡೆ ಬೆರಳಿಟ್ಟು ತೀರ್ಪು ಕೊಡುವವನು ಕೆಡುವನು. ಅಂಚಿನಿಂದ ಅಂಚಿಗೆ, ಸುತ್ತಲೂ, ಅಂಗೈಯಿಂದ ಓದಬೇಕು.

ನಾವು ಓದಿದೆವು. ಬಲಗಡೆಯದರಲ್ಲಿ ಗರಗಸವಿಲ್ಲ, ಬಟ್ಟಲುಗಳಿಲ್ಲ, ನಡುಭಾಗ ಸುಸ್ಥಿತಿಯಲ್ಲಿದೆ. ಒಳಅಂಚು ಮಾತ್ರ ಸುತ್ತಲೂ ಒಂದೇ ಸಮನಾಗಿ ಹೋಗಿದೆ. ಆಗ ಪಂಕ್ಚರ್ ಅಂಗಡಿಯಲ್ಲಿ ಕೂತಿದ್ದ ಒಬ್ಬರು, “ರಸ್ತೆ ನಡುವೆ ಉಬ್ಬಿ ಎರಡೂ ಬದಿಗೆ ಇಳಿಜಾರು ಇರತದ್ರಿ, ಅದಕ್ಕ ಒಂದ ಕಡೆ ಸವೀತದ,” ಎಂದರು. ಕೇಳುವದಕ್ಕೆ ಚೆಲುವಾದ ಹೇತು. ಆದರೆ ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ಹೋಗುವವು, ಇಳಿಜಾರು ಎಡಕ್ಕೆ, ಭಾರ ಜಾರುವದೂ ಎಡಗಾಲಿಯ ಮೇಲೆ. ಕೆಟ್ಟಿರುವದಾದರೋ ಬಲಗಾಲಿಯ ಟಯರು! ಇಂಥದನ್ನೇ ನಮ್ಮವರು ಹೇತ್ವಾಭಾಸವೆಂದರು.

ಇನ್ನುಳಿದುದು ನನ್ನ ಶಿಷ್ಯನ ಮಾತು: ಟಯರೇ ಖೊಟ್ಟಿ. ಇದನ್ನು ಬಾಯಿಮಾತಿನಿಂದ ತಳ್ಳಿಹಾಕುವದು ಸಲ್ಲದು. ಒಂದು ಟಯರಿನ ರಬ್ಬರು ಕಚ್ಚಾ ಇರುವದು ಅಸಂಭವವೇನಲ್ಲ. ಅದಕ್ಕಾಗಿ ಅನ್ವಯ–ವ್ಯತಿರೇಕಗಳನ್ನು ಹೂಡಿದೆವು. ಎಡಗಾಲಿಯ ಒಳ್ಳೆಯ ಟಯರನ್ನು ರಿಮ್ಮಿನ ಸಮೇತ ಬಲಕ್ಕೆ ಹಾಕಿದೆವು. ನೂಲು ಕಂಡ ಟಯರನ್ನು ರಸ್ತೆಗೆ ಬಿಡುವದು ಪ್ರಾಣಕ್ಕೆ ಅಪಾಯವಾದ್ದರಿಂದ ಅದನ್ನು ತೆಗೆದಿಟ್ಟು ಎಡಕ್ಕೆ ಹಳೆಯ ಸ್ಟೆಪ್ನಿಯನ್ನು ಹಾಕಿದೆವು. ಎರಡರ ಮೈಮೇಲೂ ಅಂಚಿನಿಂದ ಅಂಚಿಗೆ ಸುಣ್ಣದ ಕಡ್ಡಿಯಿಂದ ದಪ್ಪವಾಗಿ ಗೀರೆಳೆದು, ದೋಣಿಯನ್ನು ಹೇರಿ, ಒಂದು ಫರ್ಲಾಂಗು ಎಳೆಸಿದೆವು. ಎಡಗಡೆಯಲ್ಲಿ ಗೀರು ಉದ್ದಕ್ಕೂ ಸಮನಾಗಿ ಅಳಿಸಿತು. ಬಲಗಡೆಯಲ್ಲಿ ಒಳಅಂಚಿನ ಸುಣ್ಣ ಪೂರ್ತಿ ಹೋಗಿ ಹೊರಅಂಚಿನದು ಹಾಗೆಯೇ ಉಳಿಯಿತು. ಯಾವ ಟಯರನ್ನು ಅವನು ‘ಖರೇ’ ಎಂದಿದ್ದನೋ ಅದೇ ಟಯರು ಬಲಕ್ಕೆ ಬಂದೊಡನೆ ಒಳಅಂಚಿನ ಮೇಲೆ ನಡೆಯತೊಡಗಿತು. ದೋಷವು ಟಯರಿನದಲ್ಲ, ಸ್ಥಾನದ್ದು. ಹುಡುಗನು ಸುಣ್ಣದ ಗೀರನ್ನು ಬಹಳ ಹೊತ್ತು ನೋಡಿದನು; ಮಾತಾಡಲಿಲ್ಲ.

ಟಯರು ನಿರ್ದೋಷಿಯಾದಮೇಲೆ ಅಪರಾಧಿಗಳು ಮೂವರು ಉಳಿದರು: ರಿಮ್ಮು, ಬೇರಿಂಗು, ಅಚ್ಚು. ಸಮನೆಲದ ಮೇಲೆ ಟ್ರೇಲರನ್ನು ನಿಲ್ಲಿಸಿ, ಗವಂಡಿಯ ತೂಗುಗುಂಡನ್ನು ಗಾಲಿಯ ಹೊರಮೈಗೆ ಇಳಿಬಿಟ್ಟೆವು. ಎಡಗಡೆಯಲ್ಲಿ ದಾರವು ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ಸಮದೂರದಲ್ಲಿತ್ತು. ಬಲಗಡೆಯಲ್ಲಿ ಮೇಲಂಚು ಅರ್ಧ ಬೆರಳಿನಷ್ಟು ಒಳಗೆ ಸರಿದಿತ್ತು. ಅನಂತರ ಗಾಲಿಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆದೆವು. ರಿಮ್ಮು ಡೊಂಕಾಗಿದ್ದರೆ ಡೊಂಕೂ ಗಾಲಿಯೊಡನೆ ತಿರುಗಿ ಕೆಳಗೆ ಬರಬೇಕಷ್ಟೆ? ಬರಲಿಲ್ಲ, ಒಳಸರಿತವು ಮೇಲೆಯೇ ನಿಂತಿತು. ರಿಮ್ಮು ಬಿಡುಗಡೆಯಾಯಿತು. ತರುವಾಯ ಜಾಕು ಕೊಟ್ಟು ಗಾಲಿಯನ್ನೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆವು. ಗಾಲಿ ‘ಟಕ್ ಟಕ್’ ಎಂದಿತು. ಬೇರಿಂಗು ಸಡಿಲಾಗಿದ್ದಿತು. ಮುಚ್ಚಳ ತೆಗೆದು ನೋಡಿದರೆ ಒಳಗಿನ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಗಾಲಿಯನ್ನು ಬಿಚ್ಚಿ, ಅಚ್ಚಿನ ಮೇಲೆ ಬಿಗಿಯಾಗಿ ದಾರ ಹಿಡಿದಾಗ ಬಲತುದಿಯು ಮೇಲಕ್ಕೆ ಬಾಗಿದ್ದುದು ಬರಿಗಣ್ಣಿಗೇ ಕಂಡಿತು.

ಮಜ್ಜಿಗೆಬಣ್ಣದ ಗ್ರೀಸಿನ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬೇರೆ ಬಂಡಿಗಳಿಗೆ ಇಲ್ಲದ, ದೋಣಿ ಹೊರುವ ಬಂಡಿಗೆ ಮಾತ್ರ ಅಂಟಿದ ರೋಗವಿದು. ಹತ್ತಾರು ಮೈಲಿ ಓಡಿ ಬಂದ ಗಾಲಿಯ ಕುಂಭವು ಬಿಸಿಯಾಗಿರುತ್ತದೆ. ಒಳಗಿನ ಗಾಳಿ ಹಿಗ್ಗಿರುತ್ತದೆ. ಬಂದವರು ಆತುರದಿಂದ ಟ್ರೇಲರನ್ನು ಹಿಂದಕ್ಕೆ ಸರಿಸಿ ಗಾಲಿ ಮುಳುಗುವಷ್ಟು ನೀರಿಗೆ ಇಳಿಸುವರು. ಕುಂಭವು ಥಟ್ಟನೆ ತಣ್ಣಗಾಗುವದು, ಒಳಗಿನ ಗಾಳಿ ಕುಗ್ಗುವದು, ಆ ತೆರವನ್ನು ತುಂಬಲು ಸವೆದ ಸೀಲಿನ ಸಂದಿಯಿಂದ ಹೊಳೆಯ ನೀರು ಒಳಗೆ ಸೆಳೆಯಲ್ಪಡುವದು. ನೀರು ಕೂಡಿದ ಗ್ರೀಸು ಜಿಡ್ಡು ಕಳೆದುಕೊಳ್ಳುವದು. ಬೇರಿಂಗಿನ ಉಕ್ಕು ತುಕ್ಕು ಹಿಡಿದು ತಿನ್ನಲ್ಪಡುವದು. ನಮ್ಮ ಹಿರಿಯರು ಎತ್ತಿನ ಬಂಡಿಯನ್ನು ಹಳ್ಳ ದಾಟಿಸಿದ ಮೇಲೆ ಕೀಲೆಣ್ಣೆಯ ಕೊಳವಿಗೆ ಕೈಹಾಕದೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಈಗ ಗ್ರೀಸು ಕಣ್ಣಿಗೆ ಕಾಣದಂತೆ ಮುಚ್ಚಳದೊಳಗೆ ಹೋಗಿ ಕೂತಿದೆ. ಕಾಣದುದರ ಚಿಂತೆ ಯಾರಿಗೆ? ಒಂದು ಬೀಡಿ ಸೇದುವಷ್ಟು ಹೊತ್ತು ದಂಡೆಯ ಮೇಲೆ ಗಾಲಿಯನ್ನು ಆರಗೊಟ್ಟರೆ ಇದರ ಬಹುಪಾಲು ತಪ್ಪುವದು. ಬೀಡಿಯ ವಕಾಲತ್ತು ನಾನು ಮಾಡುತ್ತಿಲ್ಲ. ವೇಳೆಯ ಅಳತೆಗಾಗಿ ಹೇಳಿದೆನು.

ಇಷ್ಟಾದರೂ ನನ್ನ ಮನಸ್ಸು ಒಪ್ಪಲಿಲ್ಲ. ಅಚ್ಚು ಬಾಗಿದ್ದು ನಿಜ. ಆದರೆ ಯಾಕೆ ಬಾಗಿತು, ಬಲಗಡೆಗೇ ಯಾಕೆ? ಆಯುರ್ವೇದದವರು ರೋಗಪರೀಕ್ಷೆಗೆ ಐದು ಅಂಗಗಳನ್ನು ಹೇಳುವರು: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ರೂಪವನ್ನು ಕಂಡೆವು, ಸುಣ್ಣದ ಗೀರು ಎಳೆದು ಪರೀಕ್ಷಿಸಿದ್ದು ಉಪಶಯದ ಬಂಧುವೇ ಸರಿ. ಸಂಪ್ರಾಪ್ತಿ, ಎಂದರೆ ಕಾರಣವು ಯಾವ ದಾರಿಯಿಂದ ನಡೆದು ರೋಗವಾಯಿತೆಂಬುದು, ಇನ್ನೂ ಉಳಿದಿದ್ದಿತು. ಅದನ್ನು ಬಿಟ್ಟು ಹೊಸ ಅಚ್ಚು ಹಾಕಿಸಿದರೆ ಅದೂ ಮುಂದಿನ ವರುಷ ಬಾಗುವದು. ಬೇಸಗೆಯಲ್ಲಿ ಬಾಗಿದರೆ ದುಡ್ಡಿನ ಹಾನಿ, ಮಳೆಗಾಲದಲ್ಲಿ ಬಾಗಿದರೆ ಜೀವದ ಹಾನಿ.

ದೋಣಿಯನ್ನು ಟ್ರೇಲರಿನ ಮೇಲೆ ಇಟ್ಟುಕೊಂಡೇ ಹಿಂದಿನಿಂದ ನೋಡಿದಾಗ ಸಂಗತಿ ಬೆಳಕಿಗೆ ಬಂತು. ದೋಣಿ ಕೂರುವ ಎರಡು ಉದ್ದನೆಯ ಮರದ ದಿಂಡುಗಳಲ್ಲಿ ಬಲಗಡೆಯದು ನೀರು ಕುಡಿದು ಕೊಳೆತುದರಿಂದ ಹಿಂದಿನ ವರುಷ ಬದಲಾಗಿತ್ತು. ಹೊಸ ದಿಂಡು ಎಡಗಡೆಯದಕ್ಕಿಂತ ಒಂದೂವರೆ ಅಂಗುಲ ತಗ್ಗು. ದೋಣಿಯು ಬಲಕ್ಕೆ ಒರಗಿ ಕೂತಿತ್ತು. ಅದರ ಮೇಲೆ ಬಲೆಯ ಗಂಟು, ಬ್ಯಾಟರಿ, ಬರ್ಫಿನ ಪೆಟ್ಟಿಗೆ ಎಲ್ಲವೂ ಬಲಗಡೆಗೇ! ಯಾಕೆಂದು ಕೇಳಿದರೆ ದಂಡೆಯಲ್ಲಿ ಇಳಿಸಿಕೊಳ್ಳುವದಕ್ಕೆ ಆ ಮಗ್ಗುಲೇ ಅನುಕೂಲವಂತೆ. ಹೀಗೆ ದಿಂಡು ತಗ್ಗಾದುದರಿಂದ ಭಾರ ಬಲಕ್ಕೆ ಜಾರಿತು. ಕಾಲುವೆಯ ದಾರಿಯ ತಗ್ಗುಗಳಲ್ಲಿ ಆ ಭಾರವು ಅಚ್ಚಿನ ಬಲತುದಿಯನ್ನು ಬಡಿಬಡಿದು ಬಾಗಿಸಿತು. ಅಚ್ಚು ಬಾಗಿದುದರಿಂದ ಗಾಲಿ ವಾಲಿತು. ನೀರು ಕುಡಿದ ಬೇರಿಂಗು ಸಡಿಲಾಗಿ ವಾಲಿದ್ದನ್ನು ಮತ್ತಿಷ್ಟು ವಾಲಿಸಿತು. ವಾಲಿದ ಗಾಲಿಯ ಒಳಅಂಚು ಬೋಳಾಯಿತು. ಕೊಳೆತ ಮರದ ತುಂಡಿನಿಂದ ಹೊರಟ ರೋಗವು ಟಯರಿನಲ್ಲಿ ಮುಖ ತೋರಿಸಿ ಅಂಗಡಿಯವನ ಮಾನಕ್ಕೆ ತಗಲಿತ್ತು.

ಚಿಕಿತ್ಸೆಯ ಮಾತು ಬೇಗ ಮುಗಿಯುವದು. ಬಾಗಿದ ಅಚ್ಚನ್ನು ಕಾಸಿ ಬಡಿದು ನೆಟ್ಟಗೆ ಮಾಡುವೆನೆಂದು ಒಬ್ಬರು ಮುಂದೆ ಬಂದರು. ಬೇಡವೆಂದೆನು. ಹಾಗೆ ಕಾಸಿದ ಉಕ್ಕು ತನ್ನ ಮೊದಲಿನ ಬಲವನ್ನು ಕಳೆದುಕೊಳ್ಳುವದುಂಟು; ಮತ್ತೆ ಮುರಿಯುವದಾದರೆ ಅದು ಹೇಳಿಕೇಳಿ ಮುರಿಯದು. ಹೊಸ ಅಚ್ಚು, ಎರಡೂ ಕಡೆ ಹೊಸ ಬೇರಿಂಗು, ಹೊಸ ಸೀಲು ಹಾಕಿಸಿದ್ದಾಯಿತು. ಕಚ್ಚುಗಳುಳ್ಳ ನಟ್ಟನ್ನು ಗಾಲಿ ತಿರುಗಿಸುತ್ತ ತಿರುಗಿಸುತ್ತ ಬಿಗಿದು, ಆಮೇಲೆ ತುಸು ಸಡಿಲಿಸಿ ಪಿನ್ನು ಹಾಕಬೇಕು. ಅತಿಬಿಗಿಯಾದರೆ ಸುಡುವದು, ಅತಿಸಡಿಲಾದರೆ ಕುಣಿಯುವದು. ಜೀಪಿಗೆ ಸಿಕ್ಕಿಸುವ ಕೊಂಡಿಯ ನಡುವಿನಿಂದ ಅಚ್ಚಿನ ಎರಡೂ ತುದಿಗಳಿಗೆ ಟೇಪು ಹಿಡಿದು ದೂರ ಸಮನಾಗಿದೆಯೆಂದು ಖಾತ್ರಿ ಮಾಡಿಕೊಂಡೆವು. ಇಲ್ಲದಿದ್ದರೆ ಟ್ರೇಲರು ಏಡಿಯಂತೆ ಓರೆ ನಡೆಯುವದು. ದಿಂಡನ್ನು ಬಡಿಗೇರನಿಂದ ಸಮ ಮಾಡಿಸಿದೆವು. ಯು-ಬೋಲ್ಟುಗಳನ್ನೂ ಗಾಲಿಯ ನಟ್ಟುಗಳನ್ನೂ ಮೊದಲ ಓಟದ ಮೇಲೆ ಇನ್ನೊಮ್ಮೆ ಬಿಗಿಯಬೇಕೆಂಬುದನ್ನು ಬಹುಜನರು ಮರೆಯುವರು. ಹವಾ ಅಳೆಯುವದಾದರೆ ಮುಂಜಾನೆ, ಗಾಲಿ ಓಡುವ ಮೊದಲು, ತಂಪಾಗಿರುವಾಗಲೇ ಅಳೆಯಬೇಕು.

ಎಲ್ಲ ಮುಗಿದ ಮೇಲೆ ಮತ್ತೆ ಸುಣ್ಣದ ಗೀರು, ಮತ್ತೆ ಒಂದು ಫರ್ಲಾಂಗು. ಈ ಸಲ ಎರಡೂ ಕಡೆ ಅಂಚಿನಿಂದ ಅಂಚಿಗೆ ಸಮನಾಗಿ ಅಳಿಸಿತು.

ಹುಡುಗನು ನೂಲು ಕಂಡ ಆ ಹಳೆಯ ಟಯರನ್ನು ಜೀಪಿನಲ್ಲಿ ಹಾಕಿಕೊಂಡು ಅಂಗಡಿಗೆ ಹೊರಟನು, ನನ್ನನ್ನೂ ಕರೆದನು. ಹೋಗಲಿಲ್ಲ. ಅಂಥ ಮಾತಿನ ನಡುವೆ ಮೂರನೆಯವನಿದ್ದರೆ ಇಬ್ಬರೂ ನಾಟಕವಾಡುವರು. ಮರುದಿನ ಬಂದು ಹೇಳಿದನು: ಬಾಕಿಯನ್ನು ಮೇಜಿನ ಮೇಲಿಟ್ಟನಂತೆ, ಅಂಗಡಿಯವನು ಎಣಿಸದೆಯೇ ಗಲ್ಲೆಗೆ ಹಾಕಿಕೊಂಡು, “ಛಾ ಕುಡೀರಿ,” ಎಂದನಂತೆ. ಆಮೇಲೆ ಆ ಟಯರನ್ನು ಕೇಳಿ ಇಸಿದುಕೊಂಡು ಅಂಗಡಿಯ ಮುಂದಿನ ಗೂಟಕ್ಕೆ ತೂಗುಹಾಕಿದ್ದಾನೆ, ಬೋಳಾದ ಒಳಮಗ್ಗುಲು ಬೀದಿಗೆ ಕಾಣುವಂತೆ. ಖೊಟ್ಟಿ ಮಾಲೆಂದು ಜಗಳಕ್ಕೆ ಬಂದವರನ್ನು ಮೊದಲು ಅದರ ಮುಂದೆ ನಿಲ್ಲಿಸಿ, ನಿಮ್ಮ ಗಾಡಿಯ ಅಚ್ಚು ನೋಡಿದಿರಾ ಎಂದು ಕೇಳುತ್ತಾನೆ.

ಬರ್ಫಿನ ಪೆಟ್ಟಿಗೆಯ ಸಂಗತಿ ಮಾತ್ರ ಇನ್ನೂ ನೆಟ್ಟಗಾಗಿಲ್ಲ. ದೋಣಿಯ ನಟ್ಟನಡುವೆ ಕೆಂಪು ಬಣ್ಣದಿಂದ ಒಂದು ಚೌಕ ಬರೆಯಿಸಿ ಪೆಟ್ಟಿಗೆ ಅಲ್ಲಿಯೇ ಇರಬೇಕೆಂದು ಹೇಳಿದ್ದೇನೆ. ಆಳುಗಳು ಅದನ್ನು ದಾಟಿಸಿ ಬಲಕ್ಕೆ ಸರಿಸುತ್ತಾರೆ, ಇವನು ಗದರಿಸಿ ನಡುವಿಗೆ ತರಿಸುತ್ತಾನೆ. ಜೂನಿನ ಮೊದಲ ಮಳೆಗೆ ಮುನ್ನ ಆ ಚೌಕದ ಸುತ್ತಲೂ ನಾಲ್ಕು ಪಟ್ಟಿ ಹೊಡೆಸಿಬಿಡು ತಮ್ಮಾ, ಎಂದಿದ್ದೇನೆ. ಬಡಿಗೇರನು ನಾಳೆ ಬರುವೆನೆಂದು ಹೇಳಿ ಹದಿನೈದು ದಿನವಾಯಿತು.