ರಾಜಾಜಿಯ ಹೆಸರಿನ ಬಡಾವಣೆಯಲ್ಲಿ

ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಎಂದೂ ಹಳತಾಗದ ವಿಷಯವೊಂದಿದೆ: ಸಮಾಜವಾದ ಮೇಲೋ, ಮುಕ್ತ ಮಾರುಕಟ್ಟೆ ಮೇಲೋ? ಪರವಾಗಿ ಮಾತಾಡುವವರು ರಷ್ಯಾದಿಂದ ಆರಂಭಿಸುತ್ತಾರೆ. ವಿರೋಧಿಸುವವರು ರಷ್ಯಾದಲ್ಲಿ ಮುಗಿಸುತ್ತಾರೆ. ಬೆಂಗಳೂರಿನ ರಾಜಾಜಿನಗರದ ಮಕ್ಕಳಿಗೆ ಅಷ್ಟು ದೂರದ ಪ್ರಯಾಣ ಬೇಕಿಲ್ಲ.

ಬಡಾವಣೆಯ ಹೆಸರನ್ನೇ ನೋಡಿ. ರಾಜಾಜಿಯವರು ಲೈಸೆನ್ಸ್-ಪರ್ಮಿಟ್ ರಾಜ್ಯದ ವಿರುದ್ಧ ಸಿಡಿದೆದ್ದು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದವರು. ಅವರ ಹೆಸರಿನ ಈ ಊರಲ್ಲೇ ಸರ್ಕಾರದ ಗಂಧದ ಸಾಬೂನಿನ ಕಾರ್ಖಾನೆ ನೊರೆಯೆಬ್ಬಿಸುತ್ತಿದೆ! 1990ರ ದಶಕದಲ್ಲಿ ರೋಗಗ್ರಸ್ತವೆನಿಸಿದ್ದ ಅದು ಚೇತರಿಸಿಕೊಂಡು ಲಾಭಕ್ಕೆ ಬಂತು. ಅಲ್ಲಿಂದ ತುಸು ದೂರದ ಮೈಸೂರ್ ಲ್ಯಾಂಪ್ಸ್ ಕೂಡ ಸರ್ಕಾರದ್ದೇ. 1936ರಲ್ಲಿ ಹುಟ್ಟಿದ ಅದು 2003ರಲ್ಲಿ ಬಾಗಿಲು ಹಾಕಿತು. ಇನ್ನು ಕಿರ್ಲೋಸ್ಕರ್ ಎಲೆಕ್ಟ್ರಿಕ್ ಖಾಸಗಿ ಕಂಪನಿ. ಅದರ ಮೋಟರುಗಳು ತಯಾರಾಗುತ್ತಿದ್ದ ಜಾಗದಲ್ಲಿ ಈಗ ಗಗನಚುಂಬಿ ಮನೆಗಳು, 2012ರಲ್ಲಿ ತೆರೆದ ಮಾಲು. ಸರ್ಕಾರದ್ದೊಂದು ಉಳಿಯಿತು, ಒಂದು ಅಳಿಯಿತು. ಖಾಸಗಿಯದು ಜಾಗ ಬಿಟ್ಟಿತು. ಪ್ರಯೋಗಶಾಲೆಯಲ್ಲಾದರೆ ಒಂದು ಅಂಶವನ್ನಷ್ಟೇ ಬದಲಿಸಿ ಉಳಿದವನ್ನು ಹಾಗೇ ಇಟ್ಟು ಫಲಿತಾಂಶ ನೋಡಬೇಕೆನ್ನುತ್ತಾರೆ. ಇಲ್ಲಿ ಯಾವುದು ಹಾಗೇ ಇತ್ತು? ಮಾಲೀಕ ಯಾರೆಂಬುದೊಂದರಿಂದಲೇ ಕಾರ್ಖಾನೆಯ ಹಣೆಬರಹ ಓದಲಾಗದು.

ಕಾರ್ಖಾನೆಯ ಹಣೆಬರಹಕ್ಕಿಂತ ಕಾರ್ಮಿಕನ ಮನೆಯ ಹಣೆಬರಹ ದೊಡ್ಡದು. ಅದನ್ನು ನೋಡಬೇಕಾದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಬರಬೇಕು. 1948ರ ನೌಕರರ ರಾಜ್ಯ ವಿಮಾ ಕಾಯ್ದೆಯ ಕೂಸು ಈ ವ್ಯವಸ್ಥೆ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಕಾರ್ಮಿಕನ ಪಾಲು ಸಂಬಳದ ಶೇ. 0.75, ಮಾಲೀಕನದು ಶೇ. 3.25. ಮಕ್ಕಳು ಲೆಕ್ಕ ಮಾಡಿ ನೋಡಲಿ: 12,000 ರೂಪಾಯಿ ಸಂಬಳದವನು ತಿಂಗಳಿಗೆ 90 ರೂಪಾಯಿ ಕೊಡುತ್ತಾನೆ, 20,000ದವನು 150. ಇಬ್ಬರ ಹೆಂಡಿರಿಗೂ ಹೆರಿಗೆ ಅದೇ ವಾರ್ಡಿನಲ್ಲಿ. ಇಬ್ಬರಿಗೂ ಅದೇ ಶಸ್ತ್ರಚಿಕಿತ್ಸೆ. ಕೊಡುವುದು ಸಂಬಳಕ್ಕೆ ತಕ್ಕಂತೆ, ಪಡೆಯುವುದು ಕಾಯಿಲೆಗೆ ತಕ್ಕಂತೆ. ಸರತಿ ಸಾಲು ಉದ್ದವಿರಬಹುದು. ಕಾದು ಕಾದು ಕಾಲು ಸೋತವರು ಗೊಣಗುವುದರಲ್ಲಿ ತಪ್ಪೂ ಇಲ್ಲ. ಆದರೆ ಸಮಾಜವಾದಿಗಳು ಪುಸ್ತಕದಲ್ಲಿ ಬರೆದದ್ದು ಇಲ್ಲಿ ಖಾಸಗಿ ಕಾರ್ಖಾನೆಯ ದುಡ್ಡಿನಿಂದಲೂ ನಡೆಯುತ್ತಿದೆ ಎಂಬುದನ್ನು ಚರ್ಚಾಪಟುಗಳು ಗಮನಿಸುವುದಿಲ್ಲ. ಮಾರುಕಟ್ಟೆ ಗಳಿಸಿಕೊಟ್ಟಿತು, ಕಾನೂನು ಹಂಚಿತು. ಯಾವ ವಾದಕ್ಕೆ ಅಂಕ ಕೊಡೋಣ?

ಹಾಗೆಂದು ಈ ಏಣಿಗೆ ಎಲ್ಲ ಮೆಟ್ಟಿಲೂ ಇವೆಯೆಂದಲ್ಲ. 2017ರಲ್ಲಿ ಸಂಬಳದ ಮಿತಿಯನ್ನು 21,000ಕ್ಕೆ ಏರಿಸಲಾಯಿತು. ಅದನ್ನು ಐನೂರು ರೂಪಾಯಿ ದಾಟಿದವನು ಶ್ರೀಮಂತನಾಗಿಬಿಟ್ಟನೇ? ಮಕ್ಕಳ ಫೀಸು, ಮನೆ ಬಾಡಿಗೆ ಕಟ್ಟುವ ತಂದೆತಾಯಿಯರಿಗೆ ಈ ಪ್ರಶ್ನೆಯ ಬಿಸಿ ಗೊತ್ತು. ಬಡ್ತಿ ಸಿಕ್ಕಿದ ಖುಷಿಯ ಬೆನ್ನಿಗೇ, ಮನೆಯಲ್ಲಿ ಯಾರಾದರೂ ಮಲಗಿದರೆ ಗತಿಯೇನೆಂಬ ಚಿಂತೆ. ಮಾಲಿನ ಬಾಗಿಲಲ್ಲಿ ಹನ್ನೆರಡು ಗಂಟೆ ನಿಲ್ಲುವ ಕಾವಲುಗಾರನಿಗೆ ಇನ್ನೊಂದು ಚಿಂತೆ: ಗುತ್ತಿಗೆದಾರ ತನ್ನ ಹೆಸರನ್ನು ವಿಮೆಗೆ ಬರೆಸಿದ್ದಾನೋ ಇಲ್ಲವೋ?

ತಳ್ಳುಗಾಡಿಯಲ್ಲಿ ಎಳನೀರು ಮಾರುವವನ ಮಾತು ಬೇರೆ. ಆಸ್ಪತ್ರೆಗೆ ಬಂದ ರೋಗಿಗಳು ಆತನಲ್ಲಿ ಎಳನೀರು ಕೊಂಡು ಒಳಗೆ ಹೋಗುತ್ತಾರೆ. ಆತನಿಗೆ ಮಾತ್ರ ಒಳಗೆ ಚೀಟಿಯಿಲ್ಲ. ಗಾಡಿಗೆ ಮಾಲೀಕನೂ ಆತನೇ, ಕಾರ್ಮಿಕನೂ ಆತನೇ. ವಿಮೆಯ ವಂತಿಗೆಗೆ ಇಬ್ಬರು ಬೇಕು.