ಘಟಪ್ರಭೆಯ ನಾಡಿನಲ್ಲಿ ಮಳೆನೀರಿನ ದಾರಿ

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ಒಂದೇ ದಿನದ ಪಯಣದಲ್ಲಿ ನೋಡಿ ಬರಬಹುದಾದ ಊರುಗಳು. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಘಟಪ್ರಭೆಯೇ ಈ ಮೂರನ್ನೂ ಪೋಣಿಸಿದ ದಾರ. ಮಳೆಗಾಲ ಬಂತೆಂದರೆ ಗೋಕಾಕದ ಜಲಪಾತಕ್ಕೆ ಯಾತ್ರಿಕರ ಸಾಲು. ಕುದುರೆಯ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಸುಮಾರು 52 ಮೀಟರು ಕೆಳಕ್ಕೆ ಧುಮುಕುವ ಕೆನ್ನೀರು, ಕಣಿವೆಯ ಮೇಲಿನ ತೂಗುಸೇತುವೆ, ದಂಡೆಯ ಮೇಲಿನ ಚಾಲುಕ್ಯರ ಕಾಲದ ದೇಗುಲ, 1885ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿ, ಇವೆಲ್ಲವನ್ನೂ ಕಣ್ತುಂಬ ನೋಡಿ, ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡು ಅವರು ಮರಳುತ್ತಾರೆ. ಅದೇ ಮಳೆ ಊರಿನ ಓಣಿಗಳ ಮೇಲೆ ಸುರಿದಾಗ ಯಾವ ದಾರಿ ಹಿಡಿಯುತ್ತದೆಂಬುದನ್ನು ನೋಡುವವರು ವಿರಳ. ಅದು ಮನೋಹರ ದೃಶ್ಯವಲ್ಲ, ನಿಜ. ಆದರೆ ಆ ಊರುಗಳ ಸುಖದುಃಖಗಳು ಅಡಗಿರುವುದು ಅಲ್ಲಿಯೇ.

ಹೂವಿನ ಕೇರಿ

ಹುಕ್ಕೇರಿಯೆಂದರೆ ‘ಹೂವಿನ ಕೇರಿ’ ಎಂದು ಊರವರು ಹೆಸರಿನ ಮೂಲ ಹೇಳುತ್ತಾರೆ. ವಿಜಾಪುರದ ಆದಿಲಶಾಹಿ ಅರಸರ ಕಾಲದ ಗುಮ್ಮಟಗಳು ಇಲ್ಲಿವೆ. ನೀರಿನ ಬರವಿದ್ದ ಈ ಊರಿಗೆ ಆ ಅರಸರು ಕಾರಂಜಿಗಳನ್ನು ಕಟ್ಟಿಸಿದರೆಂಬುದು ಇನ್ನೂ ಹೆಮ್ಮೆಯ ಮಾತು. ನೀರು ತಾನಾಗಿ ಊರಿಗೆ ಬರಲಿಲ್ಲ. ಅದಕ್ಕೆ ದಾರಿ ತೋರಿಸಿ ತರಬೇಕಾಯಿತು.

ಇದೇ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡಲಾಗಿ ನಿಂತಿದೆ ರಾಜಾ ಲಖಮಗೌಡ ಜಲಾಶಯ. 1977ರಲ್ಲಿ ಪೂರ್ಣಗೊಂಡ ಇದರ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ. ಇಲ್ಲಿ ನದಿಯ ನೀರಿಗೆ ಬಾಗಿಲುಂಟು, ಕಾವಲುಂಟು, ಲೆಕ್ಕವುಂಟು. ಒಳಹರಿವೆಷ್ಟು, ಹೊರಹರಿವೆಷ್ಟು ಎಂಬುದನ್ನು ದಿನದಿನವೂ ಬರೆದಿಡುತ್ತಾರೆ. ಊರಿನ ಮಾಳಿಗೆ, ಅಂಗಳ, ರಸ್ತೆಗಳ ಮೇಲೆ ಬಿದ್ದ ಮಳೆಗೆ ಮಾತ್ರ ಬಾಗಿಲೂ ಇಲ್ಲ, ಲೆಕ್ಕವೂ ಇಲ್ಲ.

ಗುಡ್ಡಕ್ಕೂ ಹೊಳೆಗೂ ನಡುವೆ

ಹುಕ್ಕೇರಿಯಿಂದ ಪೂರ್ವಕ್ಕೆ ಸಾಗಿದರೆ ಗೋಕಾಕ. ಬೆನ್ನ ಹಿಂದೆ ಕಲ್ಲುಗುಡ್ಡ, ಮುಂದೆ ಘಟಪ್ರಭೆ. ಮಾರ್ಕಂಡೇಯ ನದಿಯೂ ಬಂದು ಸೇರುವುದು ಇಲ್ಲಿಯೇ ಸಮೀಪದಲ್ಲಿ. 2019ರ ಆಗಸ್ಟಿನಲ್ಲಿ ಎರಡು ನದಿಗಳೂ ಒಟ್ಟಿಗೆ ಉಕ್ಕಿ ಊರಿನ ತಗ್ಗುಭಾಗಗಳು ನೀರಿನಲ್ಲಿ ಮುಳುಗಿದವು. ಅದೇ ವರ್ಷ ಅಕ್ಟೋಬರದ ಮಳೆಗೆ ಗುಡ್ಡದ ಮೇಲಿನ ಭಾರಿ ಬಂಡೆಗಳು ಸಡಿಲಗೊಂಡು, ಕೆಳಗಿನ ಮನೆಗಳವರು ಜೀವಭಯದಿಂದ ದಿನ ಕಳೆದರು. 2021ರ ಮತ್ತು 2024ರ ಜುಲೈ ತಿಂಗಳುಗಳಲ್ಲಿಯೂ ನೆರೆ ಮತ್ತೆ ಕಾಡಿತು.

ಇಂಥ ಊರಿನ ಗಟಾರಗಳಿಗೆ ಎರಡು ಕಡೆಯ ಸಂಕಟ. ಗುಡ್ಡದ ಕಲ್ಲು ನೀರು ಹೀರುವುದಿಲ್ಲ. ಬಿದ್ದ ಮಳೆಯೆಲ್ಲ ಕ್ಷಣಾರ್ಧದಲ್ಲಿ ಓಣಿಗಿಳಿಯುತ್ತದೆ. ಕೆಳಗೆ ಹೊಳೆ ಏರಿ ನಿಂತಿದ್ದರೆ ಗಟಾರದ ಬಾಯಿ ಮುಚ್ಚಿದಂತೆಯೇ. ಹೊರಹೋಗಬೇಕಾದ ನೀರು ಹಿಂದಿರುಗಿ ಮನೆಯ ಹೊಸ್ತಿಲು ಹತ್ತುತ್ತದೆ. ಆದ್ದರಿಂದ ನೆರೆಯೆಂದರೆ ಬರಿಯ ನದಿಯ ಕೋಪವಲ್ಲ. ಊರಿನ ಸ್ವಂತ ನೀರಿನ ಪಾಲೂ ಅದರಲ್ಲುಂಟು.

ಎರೆಯ ನೆಲ

ಗೋಕಾಕದ ಈಶಾನ್ಯಕ್ಕೆ ಶಿವಬೋಧರಂಗ ಮಠದ ಮೂಡಲಗಿ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಸುತ್ತಲೂ ಕಾಲುವೆಯ ನೀರುಂಡ ಕಬ್ಬಿನ ಹೊಲಗಳು. ಎರೆಮಣ್ಣಿನ ಗುಣವೇ ವಿಚಿತ್ರ: ಬೇಸಿಗೆಯಲ್ಲಿ ಬಿರಿದು ಮೊದಲ ಮಳೆಯನ್ನು ಗಟಗಟನೆ ಕುಡಿಯುತ್ತದೆ, ತೊಯ್ದು ಉಬ್ಬಿದ ಮೇಲೆ ಒಂದು ಹನಿಗೂ ಬಾಯಿ ತೆರೆಯದು. ಸಮತಟ್ಟಾದ ಇಂಥ ನೆಲದಲ್ಲಿ ಒಂದು ಸಣ್ಣ ಮೋರಿ ಹೂಳಿನಿಂದ ಮುಚ್ಚಿದರೂ, ಒಬ್ಬರು ಅಂಗಳಕ್ಕೆ ಮಣ್ಣು ತುಂಬಿ ಎತ್ತರಿಸಿದರೂ, ಆ ನೀರು ನೆರೆಮನೆಯ ಪಾಲು.

ಲೆಕ್ಕ ಸರಳವಾಗಿದೆ. ಒಂದು ಗುಂಟೆ ಜಾಗದ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ ಸುಮಾರು 2,500 ಲೀಟರು ನೀರು. ಒಂದು ಎಕರೆಗೆ ಲಕ್ಷ ಲೀಟರು. ಹೊಲವಾಗಿದ್ದಾಗ ಅದರಲ್ಲಿ ಒಳ್ಳೆಯ ಪಾಲು ಇಂಗುತ್ತಿತ್ತು, ಬದುವಿನಲ್ಲಿ ನಿಲ್ಲುತ್ತಿತ್ತು. ಅದೇ ಹೊಲ ಬಡಾವಣೆಯಾಗಿ, ಫರಸಿ ಹಾಸಿ, ಕಾಂಕ್ರೀಟಿನ ರಸ್ತೆಯಾದ ಮೇಲೆ ಬಹುಪಾಲು ನೀರು ಒಮ್ಮೆಗೇ ಗಟಾರಕ್ಕೆ ನುಗ್ಗುತ್ತದೆ.

ಪರವಾನಿಗೆಯ ಪ್ರಶ್ನೆ

ಕಾನೂನು ಇಲ್ಲವೆಂದಲ್ಲ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಗಟಾರ ಕಟ್ಟಿಸಿ ಶುಚಿಯಾಗಿಡುವುದನ್ನು ಪುರಸಭೆಯ ಕರ್ತವ್ಯವನ್ನಾಗಿಸಿದೆ. ಮನೆ ಕಟ್ಟುವವರು ಮೊದಲು ಪರವಾನಿಗೆ ಪಡೆಯಬೇಕು. 1974ರ ಜಲಮಾಲಿನ್ಯ ನಿಯಂತ್ರಣ ಕಾನೂನಿನಂತೆ ಕಾರಖಾನೆಯ ಕೊಳೆನೀರನ್ನು ಹೊರಬಿಡಲು ಮಂಡಳಿಯ ಸಮ್ಮತಿ ಅವಶ್ಯಕ. ಆದರೆ ಊರು ಹೊಳೆಗೆ ಹರಿಯಬಿಡುವ ಮಳೆನೀರಿಗೆ ಅಂಥ ಪ್ರತ್ಯೇಕ ಪರವಾನಿಗೆ ಇಲ್ಲ. ರಸ್ತೆಯ ಎಣ್ಣೆ, ಪೇಟೆಯ ಕಸ, ಬಚ್ಚಲಿನ ನೀರು ಎಲ್ಲವೂ ಅದರೊಡನೆ ಘಟಪ್ರಭೆಯನ್ನು ಸೇರುತ್ತವೆ. ಕೆಳಗಿನ ಊರು ಅದೇ ಹೊಳೆಯನ್ನು ನಂಬಿ ಬದುಕುತ್ತದೆ.

ಅಮೆರಿಕದಲ್ಲಿ 1987ರ ತಿದ್ದುಪಡಿ ಈ ನೀರನ್ನೂ ಪರವಾನಿಗೆಯ ಕಟ್ಟಿಗೆ ತಂದಿತು. ಮೊದಲು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳು, 1999ರ ನಿಯಮಗಳ ಮೂಲಕ ಹಲವು ಸಣ್ಣ ಪಟ್ಟಣಗಳು ಇದಕ್ಕೊಳಪಟ್ಟವು. ಒಂದು ಎಕರೆಗೆ ಮೀರಿದ ನೆಲವನ್ನು ಅಗೆದು ಕಟ್ಟುವವನೂ ಮಣ್ಣು ಕೊಚ್ಚಿಹೋಗದಂತೆ ಏರ್ಪಾಡು ಮಾಡಬೇಕು. ನಮ್ಮಲ್ಲಿಯೂ 2005ರ ಮುಂಬಯಿ ಪ್ರಳಯದ ಪಾಠದಿಂದ 2010ರಲ್ಲಿ ನಗರನೆರೆಯ ಮಾರ್ಗಸೂಚಿ, 2019ರಲ್ಲಿ ಮಳೆನೀರು ಚರಂಡಿಗಳ ಕೈಪಿಡಿ ಹೊರಬಂದಿವೆ. ಆದರೆ ಮಾರ್ಗಸೂಚಿ ಬೇರೆ, ಕಟ್ಟುಪಾಡು ಬೇರೆ.

ದೊಡ್ಡ ನಗರಗಳ ಕೋಟಿಗಳ ಯೋಜನೆ ಈ ಮೂರು ಊರುಗಳಿಗೆ ಬೇಕಿಲ್ಲ. ಮಳೆಗಾಲಕ್ಕೆ ಮುನ್ನ ಹೂಳೆತ್ತುವುದು, ಹಳ್ಳದ ದಂಡೆಯನ್ನು ತೆರವಾಗಿ ಬಿಡುವುದು, ಮಾಳಿಗೆಯ ನೀರನ್ನು ತೊಟ್ಟಿಗೋ, ಮಣ್ಣು ಹೀರುವಲ್ಲಿ ಇಂಗುಗುಂಡಿಗೋ ತಿರುಗಿಸುವುದು, ಬಚ್ಚಲಿನ ನೀರಿಗೆ ಬೇರೆ ದಾರಿ ಮಾಡುವುದು, ಇಷ್ಟರಿಂದಲೇ ಆರಂಭಿಸಬಹುದು. ಮನೆ ಕಟ್ಟುವ ಅರ್ಜಿಯಲ್ಲಿ ಉದ್ದವೆಷ್ಟು, ಅಗಲವೆಷ್ಟು, ಅಂತಸ್ತುಗಳೆಷ್ಟು ಎಂದು ಕೇಳುತ್ತಾರೆ. ‘ಈ ಮನೆಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುವುದು?’ ಎಂಬ ಪ್ರಶ್ನೆಯನ್ನೂ ಅದರ ಕೆಳಗೆ ಬರೆದು, ಉತ್ತರ ದೊರೆತ ಮೇಲೆಯೇ ಮೊಹರು ಒತ್ತಿದರೆ, ಶ್ರಾವಣದ ರಾತ್ರಿಗಳಲ್ಲಿ ತಗ್ಗಿನ ಓಣಿಯ ತಾಯಂದಿರು ಮಕ್ಕಳನ್ನು ನಿಶ್ಚಿಂತೆಯಿಂದ ಮಲಗಿಸಿಯಾರು.