ನೂರು ಮೈಲಿ ವೇಗದ ಚಹಾದಂಗಡಿ

ಲಂಡನ್ ನೋಡಲು ಹೋದವರು ಬಿಗ್ ಬೆನ್ ನೋಡುತ್ತಾರೆ, ಥೇಮ್ಸ್ ನದಿಯ ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬೈಕಿನ ಹುಚ್ಚು ಹತ್ತಿದವರ ದಾರಿಯೇ ಬೇರೆ. ಅವರು ನಗರದ ವಾಯವ್ಯ ಭಾಗದ ಸ್ಟೋನ್‌ಬ್ರಿಡ್ಜ್ ಪಾರ್ಕ್ ನಿಲ್ದಾಣದಲ್ಲಿ ರೈಲಿನಿಂದ ಇಳಿಯುತ್ತಾರೆ. ಕಣ್ಣಿಗೆ ಹಬ್ಬವೆನಿಸುವಂಥದ್ದು ಅಲ್ಲೇನೂ ಇಲ್ಲ. ರೈಲು ಹಳಿಗಳು, ಗೋದಾಮುಗಳು, ನಾರ್ತ್ ಸರ್ಕ್ಯುಲರ್ ರಸ್ತೆಯ ಬಿಡುವಿಲ್ಲದ ಸದ್ದು. ಅದರ ಮಗ್ಗುಲಲ್ಲೇ ದೊಡ್ಡ ಗಾಜಿನ ಕಿಟಕಿಗಳ ಒಂದು ಕಟ್ಟಡ, ಮುಂದೆ ಗಾಡಿ ನಿಲ್ಲಿಸುವ ಬಯಲು. ಅದೇ ಏಸ್ ಕೆಫೆ. ಬೈಕ್ ಸವಾರರ ಕಾಶಿ ಎಂದರೂ ಸಲ್ಲುತ್ತದೆ.

1938ರಲ್ಲಿ ಇದು ಹುಟ್ಟಿದ್ದು ಲಾರಿ ಚಾಲಕರಿಗೆಂದು. ಎರಡನೇ ಮಹಾಯುದ್ಧದಲ್ಲಿ ಪಕ್ಕದ ರೈಲ್ವೆ ಯಾರ್ಡಿಗೆ ಬಿದ್ದ ಬಾಂಬು ಇದನ್ನೂ ಕೆಡವಿತು. 1949ರಲ್ಲಿ ಮತ್ತೆ ಕಟ್ಟಿದರು. ಆಮೇಲಿನ ವರ್ಷಗಳಲ್ಲಿ ಇಂಗ್ಲೆಂಡಿನ ದುಡಿಯುವ ಹುಡುಗರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತು. ಕಾರು ಎಟುಕದು, ಆದರೆ ಕಂತಿನ ಮೇಲೆ ಬೈಕು ಬರುತ್ತದೆ. ಟ್ರಯಂಫ್, ಬಿಎಸ್ಎ, ನಾರ್ಟನ್ ಏರಿ ಸಂಜೆಯಾದರೆ ಏಸ್ ಕೆಫೆಗೆ ಬಂದರು. ಚಹಾ ಕುಡಿಯಲು ಒಂದು ನೆಪ. ನಿಜವಾದ ಆಸೆ ‘ಟನ್’ ಮುಟ್ಟುವುದು, ಅಂದರೆ ಗಂಟೆಗೆ ನೂರು ಮೈಲಿ, ನಮ್ಮ ಲೆಕ್ಕದಲ್ಲಿ 160 ಕಿಲೊಮೀಟರ್. ಹಾಡಿನ ಯಂತ್ರಕ್ಕೆ ನಾಣ್ಯ ಹಾಕಿ ಹೊರಗೆ ಓಡಿ, ರಸ್ತೆಯಲ್ಲಿ ಗೊತ್ತು ಮಾಡಿದ ಜಾಗ ಮುಟ್ಟಿ ಹಾಡು ಮುಗಿಯುವುದರೊಳಗೆ ಹಿಂದಿರುಗಬೇಕು ಎಂಬ ಪಂದ್ಯದ ಕತೆ ಇಂದಿಗೂ ಅಲ್ಲಿ ಜನಜನಿತ. ಹಾಡು ಮುಗಿದರೂ ಬಾರದ ಹುಡುಗರಿದ್ದರು. ಹೆಲ್ಮೆಟ್ ಕಡ್ಡಾಯವಿರಲಿಲ್ಲ, ಹೊರ ರಸ್ತೆಗಳಲ್ಲಿ ವೇಗಕ್ಕೆ ಮಿತಿಯೂ 1965ರ ಕೊನೆಯವರೆಗೆ ಇರಲಿಲ್ಲ.

ಅಂಗಳದಲ್ಲಿ ಸಾಲಾಗಿ ನಿಂತ ಹಳೆಯ ಗಾಡಿಗಳಲ್ಲಿ ನಿಂತು ನೋಡಬೇಕಾದದ್ದು ‘ಟ್ರೈಟನ್’. ಯಾವ ಕಾರ್ಖಾನೆಯೂ ಮಾರಿದ ಗಾಡಿಯಲ್ಲ ಇದು. ಟ್ರಯಂಫ್ ಎಂಜಿನ್ನಿಗೆ ಕಸುವು ಹೆಚ್ಚು. ನಾರ್ಟನ್ನಿನ ‘ಫೆದರ್‌ಬೆಡ್’ ಚಾಸಿ ತಿರುವಿನಲ್ಲಿ ಅಲುಗದು. ಎರಡನ್ನೂ ಗಂಟು ಹಾಕಿದರೆ ಟ್ರೈಟನ್. ಅಷ್ಟೊಂದು ನಾರ್ಟನ್ ಚಾಸಿಗಳು ಹುಡುಗರಿಗೆ ಎಲ್ಲಿಂದ ಸಿಕ್ಕವು? ಅದಕ್ಕೂ ಒಂದು ಕತೆಯಿದೆ. ಆಗ 500 ಸಿಸಿಯ ಪುಟ್ಟ ರೇಸ್ ಕಾರು ಕಟ್ಟುವವರಿಗೆ ನಾರ್ಟನ್ನಿನ ಎಂಜಿನ್ ಬೇಕಿತ್ತು. ಕಂಪನಿ ಬಿಡಿ ಎಂಜಿನ್ ಕೊಡುತ್ತಿರಲಿಲ್ಲ. ಹಾಗಾಗಿ ಇಡೀ ಬೈಕ್ ಕೊಂಡು, ಎಂಜಿನ್ ಕಿತ್ತುಕೊಂಡು, ಉಳಿದ ಅಸ್ಥಿಪಂಜರವನ್ನು ಮಾರುತ್ತಿದ್ದರು! ಹುಡುಗರು ಅದಕ್ಕೆ ಜೀವ ತುಂಬಿದರು. ಹ್ಯಾಂಡಲ್ಲನ್ನು ತಗ್ಗಿಸಿ ಫೋರ್ಕಿಗೆ ಬಿಗಿದರು, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದರು, ಸವಾರ ಟ್ಯಾಂಕಿನ ಮೇಲೆ ಮಲಗಿದಂತೆ ಬಾಗಬೇಕು. ‘ಕೆಫೆ ರೇಸರ್’ ಎಂಬ ಹೆಸರು ಹುಟ್ಟಿದ್ದು ಇಂಥ ಅಂಗಳಗಳಲ್ಲಿ.

ಪತ್ರಿಕೆಗಳು ಇವರನ್ನು ಪುಂಡರೆಂದು ಬರೆದವು. ಹೆತ್ತವರು ಬೈದರು. ಅವರ ಬಳಿಗೇ ಹೋಗಿ ಮಾತಾಡಿಸಿದವರಲ್ಲಿ ಒಬ್ಬರು ಬಿಲ್ ಶೆರ್ಗೋಲ್ಡ್ ಎಂಬ ಪಾದ್ರಿ. ಪೂರ್ವ ಲಂಡನ್ನಿನಲ್ಲಿ ‘59 ಕ್ಲಬ್’ ಎಂಬ ತರುಣರ ಸಂಘವಿತ್ತು. ಸ್ವತಃ ಬೈಕ್ ಓಡಿಸುತ್ತಿದ್ದ ಈ ಪಾದ್ರಿ 1962ರಲ್ಲಿ ಏಸ್ ಕೆಫೆಗೆ ಹೊರಟರು. ಮೊದಲ ಸಲ ಧೈರ್ಯ ಸಾಲದೆ ನಿಲ್ಲಿಸದೇ ಮುಂದೆ ಹೋಗಿಬಿಟ್ಟರಂತೆ. ಮತ್ತೆ ಬಂದು, ಒಳಗೆ ಹೋಗಿ, ಹುಡುಗರನ್ನು ಚರ್ಚಿಗೆ ಕರೆದರು. ಹುಡುಗರು ಬಂದರು. ಬೈಕುಗಳನ್ನೂ ಚರ್ಚಿನೊಳಗೆ ತಂದು ನಿಲ್ಲಿಸಿ ಆಶೀರ್ವಾದ ಮಾಡಿಸಿದರು. ಆಯುಧಪೂಜೆಯಂದು ಸ್ಕೂಟರಿಗೆ ಹೂವಿನ ಹಾರ ಹಾಕುವ ಕನ್ನಡಿಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಅಂದಿನ ಇಂಗ್ಲೆಂಡಿಗೆ ಮಾತ್ರ ಅದು ದೊಡ್ಡ ಸುದ್ದಿ.

1969ರಲ್ಲಿ ಕೆಫೆ ಮುಚ್ಚಿತು. ಹೊಸ ಹೆದ್ದಾರಿಗಳು ಬಂದಿದ್ದವು, ಜನ ಕಾರಿಗೆ ಹೊರಳಿದ್ದರು. ಅದೇ ವರ್ಷ ಜಪಾನಿನ ಹೋಂಡಾ ಸಿಬಿ 750 ಮಾರುಕಟ್ಟೆಗೆ ಇಳಿಯಿತು. ನಾಲ್ಕು ಸಿಲಿಂಡರ್, ಗುಂಡಿ ಒತ್ತಿದರೆ ಚಾಲೂ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ಎಂಜಿನ್ನಿನಿಂದ ಎಣ್ಣೆ ಸೋರುವುದು ಸಹಜವೆಂದುಕೊಂಡಿದ್ದ ಬ್ರಿಟಿಷ್ ಕಂಪನಿಗಳಿಗೆ ಅದು ದೊಡ್ಡ ಹೊಡೆತ. ಕೆಫೆಯ ಕಟ್ಟಡ ಟೈರ್ ಅಂಗಡಿಯಾಯಿತು. ಅದನ್ನು ಮತ್ತೆ ಎಬ್ಬಿಸಿದ್ದು ಯಾರು ಗೊತ್ತೆ? ಪೊಲೀಸ್ ಇಲಾಖೆಯಲ್ಲಿದ್ದ ಮಾರ್ಕ್ ವಿಲ್ಸ್‌ಮೋರ್! ಮುಚ್ಚಿ 25 ವರ್ಷವಾದ ನೆನಪಿಗೆ 1994ರಲ್ಲಿ ಅವರು ಕರೆದ ಕೂಟಕ್ಕೆ ಸಾವಿರಾರು ಸವಾರರು ಬಂದರು. 2001ರಲ್ಲಿ ಕೆಫೆ ಪೂರ್ಣವಾಗಿ ತೆರೆಯಿತು.

ಅಂದಿನಿಂದ ಈ ಅಂಗಳದಲ್ಲಿ ಹಳತು ಹೊಸತು ಅಕ್ಕಪಕ್ಕ ನಿಂತಿವೆ. ಅವುಗಳ ನಡುವೆ ಭಾರತದ ಗಾಡಿಯೂ ಇದೆ. ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನದೇ ಕಂಪನಿ. 1955ರಿಂದ ಮದರಾಸಿನಲ್ಲೂ ಬುಲೆಟ್ ತಯಾರಾಗತೊಡಗಿತು. ಮೂಲ ಕಂಪನಿ 1970ರ ಹೊತ್ತಿಗೆ ಬಾಗಿಲು ಹಾಕಿದರೂ ಮದರಾಸಿನದು ಉಳಿಯಿತು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇದ್ದ ಹಳೆಯ ಬುಲೆಟ್ ಓಡಿಸಿದ ಅಪ್ಪಂದಿರಿಗೆ ಏಸ್ ಅಂಗಳದ ಮುದಿ ಟ್ರಯಂಫ್‌ನಲ್ಲೂ ಅದೇ ಕ್ರಮ ಕಾಣುತ್ತದೆ. 1960ರ ದಶಕದಲ್ಲಿ ಕಂಪನಿ 250 ಸಿಸಿಯ ‘ಕಾಂಟಿನೆಂಟಲ್ ಜಿಟಿ’ ಎಂಬ ಕೆಫೆ ರೇಸರ್ ತಂದಿತ್ತು. 2013ರಲ್ಲಿ ಅದೇ ಹೆಸರಿನ ಚೆನ್ನೈ ಗಾಡಿ ಏಸ್ ಕೆಫೆಗೆ ಬಂತು. 2018ರಲ್ಲಿ 650 ಸಿಸಿಯದು ಬಂತು.

ಎಂಜಿನಿಯರಿಂಗ್ ಓದುವವರು ಒಂದು ಹೋಲಿಕೆ ಮಾಡಬಹುದು. 1959ರ ಟ್ರಯಂಫ್ ಬಾನವಿಲ್ 650 ಸಿಸಿ, 46 ಅಶ್ವಶಕ್ತಿ. 2018ರ ಜಿಟಿ 648 ಸಿಸಿ, 47 ಅಶ್ವಶಕ್ತಿ. ಆರು ದಶಕ ಕಳೆದರೂ ಬಲ ಬಹುತೇಕ ಅಷ್ಟೇ! ಬದಲಾದದ್ದು ಚಕ್ರದ ಬಳಿ ಬಗ್ಗಿ ನೋಡಿದರೆ ಕಾಣುತ್ತದೆ. ಹಳೆಯದಕ್ಕೆ ಡ್ರಮ್ ಬ್ರೇಕ್, ಹೊಸದಕ್ಕೆ ಮುಂದೆ 320 ಮಿಲಿಮೀಟರಿನ ಡಿಸ್ಕ್, ಎರಡೂ ಚಕ್ರ ಜಾರದಂತೆ ತಡೆಯುವ ಎಬಿಎಸ್. ಅರವತ್ತರ ದಶಕದ ಹುಡುಗರ ಎಂಜಿನ್ ಅವರ ಬ್ರೇಕಿಗಿಂತ ಬಹಳ ಮುಂದಿತ್ತು.

ಹೆಲ್ಮೆಟ್ಟಿನದು ಇನ್ನೂ ತಡ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರಲ್ಲಿ ತಮ್ಮ ಬ್ರೌ ಸುಪೀರಿಯರ್ ಬೈಕಿನಿಂದ ಬಿದ್ದು ತೀರಿಕೊಂಡಾಗ, ಅವರನ್ನು ನೋಡಿದ ವೈದ್ಯರಲ್ಲಿ ಮಿದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಇದ್ದರು. ಅವರು ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆಂದು 1941ರಲ್ಲೇ ಬರೆದರು. ಬ್ರಿಟನ್ನಿನಲ್ಲಿ ಅದು ಕಡ್ಡಾಯವಾದದ್ದು 1973ರಲ್ಲಿ. ಅಷ್ಟರಲ್ಲಿ ಏಸ್ ಕೆಫೆಯ ಹಾಡಿನ ಯಂತ್ರ ನಿಂತು ನಾಲ್ಕು ವರ್ಷವಾಗಿತ್ತು.